ಅರಳೆ ಬೀಳುವ ಮನಿ

ಸಿಮೆಂಟ್ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಾಗ
ಡಿಸೆಂಬರ್ ತಿಂಗಳಿಗೆ ಒಂದು ಬಿಳೀ ಊರಿತ್ತು.
ಮಾಳಿಗಿ ಬಿಳಿ, ಗಿಡ ಬಿಳಿ, ಬೇಲಿ ಬಿಳಿ,
ಒಂದು ನಾಯಿ ಮಾತ್ರ ಕರಿ.
"ಏನಬ್ಬಾ ಇದು?" ಅಂದೆ.
ಅಬ್ಬಾ ಕಮಾನಿನ ತಂತಿ ಬಿಗಿತಿದ್ದ, ತಲಿ ಎತ್ತಲಿಲ್ಲ.
"ಯಾರೋ ಪಿಂಜಾರರ ಓಣಿ," ಅಂದ,
"ಕಸ ಹೊಡೆದಿಲ್ಲ ಇನ್ನಾ."

ಚಿಟಗುಪ್ಪಾದಿಂದ ಎರಡು ಹರದಾರಿ ನಮ್ಮೂರು.
ಮಂದಿಗಿ ಥಂಡಿ ಅಂದ್ರ ಥಂಡಿ,
ನಮಗ ಸುಗ್ಗಿ.
ದೀಪಾವಳಿ ಮುಗಿದು ಮೂಡಗಾಳಿ ಬಿಟ್ಟ ಕೂಡಲೆ
ಹಳೆ ಗಾದಿ ಹೊತ್ತು ಬರ್ತಿದ್ದರು:
ಗಂಟು ಗಂಟಾದ ಹತ್ತಿ,
ಕೂಸಿನ ಉಚ್ಚಿ ವಾಸನಿ, ಮುದುಕರ ತೈಲದ ವಾಸನಿ.
ಯಾರ ಮನ್ಯಾಗ ಯಾರು ಹ್ಯಾಂಗ ಮಲಗ್ತಾರ
ಅಬ್ಬಾಗ ಗೊತ್ತಿತ್ತು. ಹೇಳ್ತಿರಲಿಲ್ಲ.

ಢಂಯ್, ಢಂಯ್, ಢಂಯ್.
ಮುಂಜಾನಿ ನಮ್ಮನ್ನ ಎಬ್ಬಿಸೋದು ಕೋಳಿ ಅಲ್ಲ, ತಂತಿ.
ಒಂದೊಂದು ಪೆಟ್ಟಿಗಿ ಒಂದು ಹಿಡಿ ಮೋಡ ಎದ್ದು
ಜಂತಿ ತನಕ ಹೋಗಿ
ಮನಸ್ಸಿಲ್ಲದ ಮನಸ್ಸಿಲೆ ಇಳಿತಿತ್ತು
ಖಾರಬ್ಯಾಳಿ ಮ್ಯಾಲ, ಅಮ್ಮಾನ ಹುಬ್ಬಿನ ಮ್ಯಾಲ,
ಮೌಲಾಲಿಯ ಮೂಗಿನ ಸುಂಬಳದ ಮ್ಯಾಲ,
ನನ್ನ ಲೆಕ್ಕದ ವಹಿ ಮ್ಯಾಲ.
ಭಾಗಾಕಾರ ಮಾಡಿದರ
ಶೇಷ ಯಾವಾಗಲೂ ಅರಳೆ.
ಸಾಲ್ಯಾಗ ನನ್ನ ತಲಿ ನೋಡಿ
"ಮುದುಕಿ ಬಂತು, ಜಾಗ ಬಿಡ್ರಿ" ಅಂತಿದ್ದರು.
ಬಿಡ್ತಿದ್ದರು ಸೈತ.

ಆ ವರ್ಷ ಗುರುಬಸಮ್ಮನ ಮಗಳ ಮದುವಿ.
ಏಳು ರಜಾಯಿ, ಹೊಸ ಹತ್ತಿ, ಮ್ಯಾಲ ಕೆಂಪು ಛೀಟು.
ಅಮ್ಮಾ ದಬ್ಬಣ ಹಿಡಿದು ಹದಿನೆಂಟು ದಿನ ಬಾಗಿದ್ದಳು,
ದಾರ ಹಲ್ಲಿಲೆ ಕಡಿದು ಕಡಿದು ತುಟಿ ಸೀಳಿತ್ತು.
ಏಳೂ ಮಡಚಿ ಮೂಲ್ಯಾಗ ಒಟ್ಟಿ
ಮ್ಯಾಲ ತನ್ನ ಹಳೆ ಸೀರಿ ಹೊಚ್ಚಿ
"ಮುಟ್ಟಿದರ ಕೈ ಮುರಿತೀನಿ" ಅಂದಳು.
ನಾವು ಐದು ಮಂದಿ, ಎರಡು ಕೌದಿ.
ಜಗ್ಗಾಡಿ, ಜಗ್ಗಾಡಿ, ಮಲಗಿದೆವು.

ಎಳ್ಳಮವಾಸಿ ಮರುದಿನದ ರಾತ್ರಿ.
ಹೊಲದವರು ಕೊಟ್ಟ ತೊಗರಿಕಾಯಿ
ಉಪ್ಪು ಹಾಕಿ ಕುದಿಸಿ ತಿಂದಿದ್ದಿವಿ.
ಹೊರಗ ಆಡು ನಡುಗೋದು ಗ್ವಾಡಿಗಿ ತಿಳಿತಿತ್ತು.
ಕೊಡದಾಗಿನ ನೀರಿಗಿ ಹಲ್ಲು ಬಂದಿದ್ದವು.
ಮೌಲಾಲಿ ಅಳಲಿಕ್ಕೂ ಆಗದೆ
ನಿದ್ದ್ಯಾಗ ಸಣ್ಣಗ ಕಟಕಟ ಅಂದ.

ದಾದಿಮಾ ಎದ್ದಳು. ಲಾಟೀನು ಹಚ್ಚಲಿಲ್ಲ.
ಕತ್ತಲದಾಗ ಬಟ್ಟಿ ಸರಿದ ಸಪ್ಪಳ,
ಆಮ್ಯಾಲ ನಮ್ಮ ಮ್ಯಾಲೊಂದು
ಗುರ್ತಿಲ್ಲದ, ಮೆತ್ತನ್ನ ಪ್ರಾಣಿ ಬಂದು ಮಲಗಿತು.
ಅಮ್ಮಾ ಎಚ್ಚರಿದ್ದಳು,
ಉಸಿರು ಬದಲಾದದ್ದು ಕೇಳಿದೆ.
ಏನೂ ಅನಲಿಲ್ಲ.
ಸ್ವಲ್ಪ ಹೊತ್ತಿನ ಮ್ಯಾಲ ಆಕಿ ಕಾಲೂ ಒಳಗ ಬಂತು,
ತಣ್ಣಗ, ಕಳ್ಳನ ಹಾಂಗ.

ಗುರುಬಸಮ್ಮ ಬಂದದ್ದು ಮಧ್ಯಾಹ್ನ.
ಒಂದೊಂದೂ ಬಿಚ್ಚಿಸಿದಳು, ಹೊಲಿಗಿ ಎಣಿಸಿದಳು, ಮೂಸಿದಳು.
ಐದನೇದರ ಮಡಿಕ್ಯಾಗ
ತೊಗರಿಕಾಯಿದೊಂದು ಸಿಪ್ಪಿ,
ಉಪ್ಪು ಇನ್ನೂ ಹತ್ತಿದ್ದು.
ಎರಡು ಬೆರಳಿಲೆ ಎತ್ತಿ ಬೆಳಕಿಗಿ ಹಿಡಿದಳು.
ಅಮ್ಮಾ ನೆಲ ನೋಡಿದಳು. ದಾದಿಮಾ ಜಂತಿ ನೋಡಿದಳು.
ಅಬ್ಬಾ ಕೈ ನಿಲ್ಲಿಸಿದ.
ನಮ್ಮ ಮನಿ ಅಷ್ಟು ಸುಮ್ಮನಾದದ್ದು
ನಾ ಅಲ್ಲಿತನಕ ಕೇಳಿದ್ದಿಲ್ಲ.

"ಬೆಚ್ಚಗ ಆಗ್ತಾವ?"
ಗುರುಬಸಮ್ಮ ಕೇಳಿದಳು, ಇಂಥವರನ್ನ ಅಂತಿಲ್ಲ.
"ಭಾಳ ಆಗ್ತಾವ್ರಿ" ಅಂದುಬಿಟ್ಟ ಮೌಲಾಲಿ.

ಆಕಿ ಸಿಪ್ಪಿ ಊದಿದಳು.
ರೊಕ್ಕ ಎಣಿಸಿದಳು, ಪೂರಾ.
ಹೊಸ್ತಿಲ ದಾಟಿ ಸೆರಗು ಝಾಡಿಸಿದಳು,
ಅಂಗಳದ ಬಿಸಿಲಾಗ ಬಿಳೀದೊಂದಿಷ್ಟು ಹಾರಾಡಿತು.

ಈಗ ಹುಮನಾಬಾದಿನಾಗ ಮಶೀನು ಬಂದದ.
ಕಮಾನು ಗೂಟಕ್ಕ ಜೋತು ಬಿದ್ದದ,
ಗಾಳಿ ಬಿಟ್ಟರ ತಾನೇ ಒಂದು ಸಲ ಅಂತದ.
ಅಬ್ಬಾ ಬ್ಯಾಸಗ್ಯಾಗೂ ಕೆಮ್ಮತಾನ.
ಬೀದರಿನ ಡಾಕ್ಟರು ಎದಿ ಫೋಟೋ ತೆಗೆದು
ಬೆಳಕಿನ ಡಬ್ಬಿಗಿ ಹಚ್ಚಿ ತೋರಿಸಿದರು:
ಕರೀ ಹೊಲದಾಗ ಅಲ್ಲಲ್ಲಿ ಬಿಳಿ.
ಅಬ್ಬಾ ಬಗ್ಗಿ ನೋಡಿದ, ಭಾಳ ಹೊತ್ತು.
"ಕಸ ಹೊಡೆದಿಲ್ಲ ಇನ್ನಾ," ಅಂದ.
ಡಾಕ್ಟರಿಗಿ ತಿಳಿಲಿಲ್ಲ,
ಔಷಧ ಬರಕೋತ ಕುಂತರು.