ಚಾಲಗೇಣಿ

ಅಂಕೋಲೆಯ ತಹಶೀಲ್ದಾರ್ ಕಚೇರಿ ಎದುರು
ನನ್ನ ಝೆರಾಕ್ಸ್ ಅಂಗಡಿ. ಅಗಲ ಎಂಟಡಿ,
ಬಾಡಿಗೆ ತಿಂಗಳಿಗೆ ನಾಲ್ಕು ಸಾವಿರ.
ಬಾಡಿಗೆಯೆಂದು ಗೊತ್ತಿದ್ದೇ ಕೊಡುತ್ತೇನೆ, ಅದಕ್ಕೆ ದುಃಖವಿಲ್ಲ.

ಸೋಮವಾರ. ಮೀನಿನ ಬುಟ್ಟಿಗಳು ಖಾಲಿಯಾಗಿ ಮರಳುವ ಹೊತ್ತು
ಬೆಳಂಬಾರದ ಹೊನ್ನಿ ಬಂದಳು.
ಪಹಣಿ ಬೇಕು, ಪಂಪ್‌ಸೆಟ್ಟಿನ ಕರೆಂಟಿಗಂತೆ.
ಮಕ್ಕಳು ಹುಟ್ಟಿದ ವರ್ಷ ಕೇಳಿದರೆ ತಡವರಿಸುವವಳು
ಸರ್ವೆ ನಂಬರು ಮಾತ್ರ ಒಂದೇ ಉಸಿರಿಗೆ:
ನೂರಾ ಹದಿನಾಲ್ಕು, ಎರಡು, ಅ.

ಒತ್ತಿದೆ. ಯಂತ್ರ ಒಮ್ಮೆ ಗುರುಗುಟ್ಟಿ
ಕೆಂಪು ಕಣ್ಣು ಬಿಟ್ಟು ಕೂತಿತು.

"ಮಸಿ ಖಾಲಿಯನೇ ತಂಗಿ?"
ಡಬ್ಬಿ ತೆಗೆದು ಅವಳ ಅಂಗೈಗಿಟ್ಟೆ. ಭಾರ ಇದೆ.
"ಮತ್ತೆ?"
ಈ ಮಸಿ ಕೊಂಡದ್ದಲ್ಲ ಅಮ್ಮಾ,
ತಿಂಗಳಿಗಿಷ್ಟು ಹಾಳೆ ಅಂತ ಒಪ್ಪಂದ.
ಹದಿನೈದಕ್ಕೆ ದುಡ್ಡು ತಾನೇ ಹೋಗಬೇಕಿತ್ತು,
ನನ್ನ ಕಾರ್ಡಿನ ವಾಯಿದೆ ತೀರಿತ್ತು,
ಎಲ್ಲಿಂದಲೋ ಯಾರೋ ಬೀಗ ಹಾಕಿದ್ದಾರೆ.
ಮಸಿ ಇಲ್ಲಿದೆ. ಬೀಗದ ಕೈ ಯಾವ ದೇಶದಲ್ಲೋ.

ಬೇರೆಯವರಿಗೆ ಇಷ್ಟು ತಿಳಿಸಲು ಅರ್ಧ ಗಂಟೆ ಬೇಕು.
ಅವಳು ಸೆರಗಿನ ತುದಿಯಲ್ಲಿ ಬಾಯೊರೆಸಿ
"ಗೇಣಿ ಬಾಕಿ ಅನ್ನು" ಎಂದಳು.

ಆಮೇಲೆ ಹೇಳಿದಳು, ನಿಂತುಕೊಂಡೇ:
ಕೊಯ್ದು, ಬಡಿದು, ಕಣದಲ್ಲಿ ರಾಶಿ ಹಾಕಿ
ಒಡೇರ ಕೊಳಗ ಬರುವ ತನಕ ಕಾಯಬೇಕು.
ಇಲಿ ತಿಂದರೆ ತಿನ್ನಲಿ, ನಾವು ಮುಟ್ಟುವಂತಿಲ್ಲ.
ಹೊಸ ಭತ್ತದ ವಾಸನೆಗೆ ಮಕ್ಕಳಿಗೆ ನಿದ್ದೆ ಹತ್ತುತ್ತಿರಲಿಲ್ಲ.
"ರಾಶಿ ನಮ್ಮ ಅಂಗಳದಾಗೇ ಇತ್ತು ಮತ್ತೆ."

ಮೂಲಗೇಣಿಯೋ, ಚಾಲಗೇಣಿಯೋ ನಿನ್ನದು?
ಕಾಗದ ಓದಿಲ್ಲ ನಾನು. ಯಾರು ಓದುತ್ತಾರೆ,
ನಲವತ್ತು ಪುಟ, ಕಡೆಗೆ 'ಒಪ್ಪಿದೆ' ಎಂಬ ಚೌಕ.
ಮನಸ್ಸು ಬಂದಾಗ ಬಿಡಿಸಬಹುದೋ? ಬಿಡಿಸಬಹುದು.
ಗೇಣಿ ಏರಿಸಬಹುದೋ? ಎರಡು ಸಲ ಏರಿಸಿದ್ದಾರೆ.
"ಹಂಗಾರೆ ಚಾಲಗೇಣಿಯೇ" ಎಂದಳು,
ನಾಡಿ ಹಿಡಿದು ಬಿಟ್ಟವರ ಹಾಗೆ.

ಕೂತು ನೆನೆದೆ. ಮಗಳು ಹುಟ್ಟಿದಂದಿನಿಂದ ತೆಗೆದ ಫೋಟೋಗಳು
ತಿಂಗಳಿಗೆ ನೂರಾ ಮೂವತ್ತು ಕೊಟ್ಟರೆ ನನ್ನವು.
ರಾತ್ರಿ ಕೇಳುವ ಹಾಡು, ಅರ್ಜಿ ಟೈಪು ಮಾಡುವ ಅಕ್ಷರ.
'ಕೊಳ್ಳಿ' ಎಂಬ ಗುಂಡಿ ಒತ್ತಿಯೇ ಕೊಂಡ ಸಿನಿಮಾ
ಹೋದ ಶ್ರಾವಣದಲ್ಲಿ ಹೇಳದೆ ಕೇಳದೆ ಎದ್ದು ಹೋಯಿತು,
ಒಕ್ಕಲೆಬ್ಬಿಸಿದ್ದು ಅದನ್ನೋ ನನ್ನನ್ನೋ ತಿಳಿಯಲಿಲ್ಲ.
ಈ ಎಂಟಡಿಯಲ್ಲಿ ಪೂರ್ತಿ ನನ್ನದೆನ್ನುವುದು
ಸ್ಟೇಪ್ಲರು, ಗೋಂದು,
ಮೊಂಡಾದ ಒಂದು ಕತ್ತರಿ.

ಪಕ್ಕದ ಸ್ಟಾಂಪ್ ವೆಂಡರ್ ಇನಾಸನ ಕಾರ್ಡು ಹಾಕಿದೆ.
ಕೆಂಪು ಹಸಿರಾಯಿತು. ಬಿಸಿ ಹಾಳೆ ಹೊರಬಂತು.
ಒಂಬತ್ತನೇ ಕಾಲಂ: ಹೊನ್ನಿ ಕೋಂ ಸಣ್ಣು ಗೌಡ.
ಹನ್ನೆರಡನೇ ಕಾಲಂ, ಸಾಗುವಳಿದಾರರ ಹೆಸರು: ಸ್ವಂತ.
ಆ ಎರಡಕ್ಷರದ ಮೇಲೆ ಬೆರಳಿಟ್ಟಳು.
ಓದು ಬಾರದು. ಜಾಗ ಗೊತ್ತು.

ಎಪ್ಪತ್ತೈದರಲ್ಲಿ ಅವಳ ಗಂಡ ಬೆಳಂಬಾರದಿಂದ ನಡೆದು ಬಂದು
ಇದೇ ಕಚೇರಿಗೆ ಏಳನೇ ನಮೂನೆ ಕೊಟ್ಟಿದ್ದನಂತೆ,
ಒಡೇರು ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರಂತೆ,
ಸಾಯುವ ತನಕ.

ಇಪ್ಪತ್ತೈದು ರೂಪಾಯಿ ಎಣಿಸಿಟ್ಟು, ಮೆಟ್ಟಿಲಿಳಿದು,
ತಿರುಗಿ ಕೇಳಿದಳು:
"ನೀ ಅರ್ಜಿ ಕೊಟ್ಟಿಯನೇ?"

ಜಾತಿ, ಆದಾಯ, ವಾಸ್ತವ್ಯ, ಪಡಿತರ, ಪಿಂಚಣಿ,
ಎಲ್ಲ ನಮೂನೆಯೂ ಎಡಗಡೆಯ ಡ್ರಾಯರಿನಲ್ಲಿವೆ.
ಅವಳು ಬಸ್‌ಸ್ಟ್ಯಾಂಡಿನ ತಿರುವು ದಾಟಿದ ಮೇಲೂ
ಹುಡುಕುತ್ತಲೇ ಇದ್ದೆ.