ಹಿಂದಿನ ಬ್ರೇಕು

ಚಿಯಾತುರಾದ ಇಳಿಜಾರಿನಲ್ಲಿ, ಬೆಳಗಿನ ಐದಕ್ಕೆ,
ನನ್ನ ಹಳೆಯ ಡೆಲಿಕಾ ಇಳಿಯುವುದನ್ನು
ಊರು ಕಿವಿಯಿಂದಲೇ ಬಲ್ಲದು.
ಮೊದಲ ತಿರುವಿಗೆ ಕೀಂ ಎಂದು ಸಣ್ಣ ಎಳೆ.
ಎರಡನೆಯದಕ್ಕೆ, ಹಂದಿ ಕೊಯ್ದ ಹಾಗೆ.
ಹಿಂದಿನ ಸೀಟಿನಲ್ಲಿ ನಲವತ್ತು ಶೋತಿ ರೊಟ್ಟಿ
ಹಳೆಯ ಚಾದರದಡಿ ಬೆವರುತ್ತಿರುತ್ತವೆ.

"ಸಿಯೂರಿ, ರೊಟ್ಟಿ ಬೇಡ, ನಿದ್ದೆ ಕೊಡು ತಾಯಿ"
ಮೂರನೇ ಮಹಡಿಯಿಂದ ಲಾಮಾರಾ ಕೂಗುತ್ತಾಳೆ,
ಕೂಗುತ್ತಲೇ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಡುತ್ತಾಳೆ.
ರೊಟ್ಟಿಗೇ.

ಮೂರು ವರ್ಷ ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ:
ಇದು ನನ್ನ ಮೈದುನ ಮುರ್ಮಾನನ ಕೈಗುಣ.
ಅಂಗಡಿ ಬೋರ್ಡಿನಲ್ಲಿ ಮೆಕ್ಯಾನಿಕ್, ಕೆಲಸದಲ್ಲಿ ಕಮ್ಮಾರ.
ನಾಟೋಳ ಮದುವೆಗೂ ಕರೆಯಲಿಲ್ಲ.
ಗಂಡ ಏನೋ ಹೇಳಬಂದ,
ಅವನ ತಟ್ಟೆಗೆ ಇನ್ನಷ್ಟು ಬೀನ್ಸ್ ಬಡಿಸಿದೆ.

ಈ ಭಾನುವಾರ ಒಲೆಗೆ ರಜೆ. ದ್ರಾಕ್ಷಿ ಚಪ್ಪರದಡಿ ಜಾಕು.
ಜಾಕನ್ನು ನಂಬಬಾರದು, ಪಕ್ಕದಲ್ಲಿ ಮರದ ದಿಮ್ಮಿ.
ಹ್ಯಾಂಡ್‌ಬ್ರೇಕು ಎಳೆದಿಟ್ಟರೆ ಡ್ರಮ್ಮು ಬರುವುದಿಲ್ಲ,
ಬಿಟ್ಟರೆ ಗಾಡಿ ನಿಲ್ಲುವುದಿಲ್ಲ.
ಮುಂದಿನ ಚಕ್ರಕ್ಕೆ ಇಟ್ಟಿಗೆ ಎರಡು.

ತುಕ್ಕು ಹಿಡಿದ ಡ್ರಮ್ಮು ಕದಲಲಿಲ್ಲ.
ಸುತ್ತ ಸುತ್ತ ಸುತ್ತಿಗೆಯಿಂದ ತಟ್ಟಿದೆ,
ಒಲೆಯ ಗೋಡೆಗೆ ಕಚ್ಚಿಕೊಂಡ ರೊಟ್ಟಿಯನ್ನು
ಅಂಚಿನಿಂದ ಎಬ್ಬಿಸುವ ಹಾಗೆ, ಅವಸರಿಸದೆ.
ಬಂತು. ಒಳಗೆ ಬೊಗಸೆ ಧೂಳು.
ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ.
ಇದು ಮ್ಯಾಂಗನೀಸಿನ ಊರು. ಇಲ್ಲಿ ಧೂಳು ಊದುವವರಿಲ್ಲ.
ಊದಿದವರು ಗುಡ್ಡದ ಮೇಲೆ ಸಾಲಾಗಿ ಮಲಗಿದ್ದಾರೆ.

ಎಡಚಕ್ರದಲ್ಲಿ ಉದ್ದದ ಪಟ್ಟಿ ಎರಡು.

ಎರಡೂ ಉದ್ದ? ಬೆರಳಿಂದ ಅಳೆದೆ, ದಾರದಿಂದ ಅಳೆದೆ.
ಎದ್ದು ಹೋಗಿ ಬಲಚಕ್ರ ಬಿಚ್ಚಿದೆ:
ಗಿಡ್ಡದ್ದು ಎರಡು.
ಒಂದು ಉದ್ದ, ಒಂದು ಗಿಡ್ಡ ಇರಬೇಕಾದಲ್ಲಿ
ಉದ್ದದವು ಒಂದು ಮನೆ ಹೂಡಿದ್ದವು,
ಗಿಡ್ಡವು ಇನ್ನೊಂದು.

ಸ್ಪ್ಯಾನರು ಕೆಳಗಿಟ್ಟು ಮಣ್ಣಿನಲ್ಲೇ ಕುಳಿತೆ.

ಆವತ್ತು ಮುರ್ಮಾನ ಮುಂದಿನ ಚಕ್ರದಲ್ಲಿದ್ದ.
ಹಿಂದಿನದು ನಾನೇ ಮಾಡುತ್ತೇನೆ ಅಂದವಳು ನಾನು.
"ಎರಡನ್ನೂ ಒಟ್ಟಿಗೆ ಬಿಚ್ಚಬೇಡ ಅತ್ತಿಗೆ,
ಒಂದು ಬಿಚ್ಚು, ಇನ್ನೊಂದನ್ನು ನೋಡಿಕೊಂಡು ಜೋಡಿಸು."
ಕತ್ತಲಾಗುತ್ತಿತ್ತು. ಹಿಟ್ಟು ಉಬ್ಬುತ್ತಿತ್ತು.
ನಾಲ್ಕೂ ಪಟ್ಟಿ ಒಂದೇ ಬಾಣಲೆಗೆ ಹಾಕಿದ್ದೆ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ನಾನು ನೆಲ ಗುಡಿಸಿಕೊಟ್ಟವನನ್ನೇ ಡೊಂಕೆಂದಿದ್ದೆ.

ಆಮೇಲಿನದು ಕೆಲಸ, ಬರೀ ಕೆಲಸ.
ಮೆರುಗು ಹತ್ತಿದ ಪಟ್ಟಿಗೆ ಉಪ್ಪುಕಾಗದ ಉಜ್ಜಿದೆ.
ಹಿಂದಿನ ತಟ್ಟೆಯಲ್ಲಿ ಲೋಹ ಲೋಹಕ್ಕೆ ತಾಗುವ ಕಡೆಯೆಲ್ಲ
ತಾಮ್ರದ ಗ್ರೀಸು, ಕಡಲೆಕಾಳಿನಷ್ಟು, ಹೆಚ್ಚಿಲ್ಲ.
ಗಿಡ್ಡದ್ದು ಮುಂದಕ್ಕೆ, ಉದ್ದದ್ದು ಹಿಂದಕ್ಕೆ.
ಒಂದು ಸ್ಪ್ರಿಂಗು ಹಾರಿ ಟೊಮೆಟೊ ಗಿಡಗಳೊಳಗೆ ಹೋಯಿತು,
ಅರ್ಧ ಗಂಟೆ ಹುಡುಕಿದೆ, ಬಾಯಿಗೆ ಬಂದದ್ದೆಲ್ಲ ಬೈದೆ,
ಸ್ಪ್ರಿಂಗನ್ನು.

ಸೋಮವಾರ. ಮೊದಲ ತಿರುವು. ಸದ್ದಿಲ್ಲ.
ಎರಡನೆಯದು. ಕೆಳಗೆ ಹೊಳೆಯ ಮೊರೆತ ಕೇಳಿತು,
ಇಷ್ಟು ವರ್ಷ ಅದು ಅಲ್ಲೇ ಇತ್ತೇ?
ನನ್ನ ಕಿರುಚು ಕೇಳಿದೊಡನೆ ಒಳಗೆ ಹೋಗಿ
ಬಾಗಿಲು ಹಾಕಿಕೊಳ್ಳುವ ಮುರ್ಮಾನ
ಇವತ್ತು ನಲ್ಲಿಯ ಹತ್ತಿರ, ಬಾಯಿ ತುಂಬ ಪೇಸ್ಟು.
ಓಡಲು ಹೊತ್ತು ಸಿಗಲಿಲ್ಲ ಅವನಿಗೆ. ನನಗೂ.

ಗಾಜು ಇಳಿಸಿದೆ. ರೊಟ್ಟಿ ಚಾಚಿದೆ, ಎರಡು.
"ನಾಲ್ಕೂ ಒಟ್ಟಿಗೆ ಬಿಚ್ಚಿದ್ದೆ."
ಉಗುಳಿದ. ಬಾಯಿ ತೊಳೆದ. ಮತ್ತೂ ತೊಳೆದ.
"ಸದ್ದು ಕೇಳಿದ ದಿನವೇ ಗೊತ್ತಾಗಿತ್ತು."
"ಹೇಳಬಾರದಿತ್ತೇ?"
"ನೀನು ಊರಿಗೆಲ್ಲ ಹೇಳುತ್ತಿದ್ದೆ.
ಮಧ್ಯೆ ಬಾಯಿ ಹಾಕಲು ಜಾಗ ಎಲ್ಲಿತ್ತು?"

ನಗುವುದೋ ಬೇಡವೋ ತಿಳಿಯದೆ ಬ್ರೇಕಿನಿಂದ ಕಾಲು ತೆಗೆದೆ.
ಗಾಡಿ ಮೆಲ್ಲಗೆ ಜಾರತೊಡಗಿತು.
"ಹ್ಯಾಂಡ್‌ಬ್ರೇಕು, ಅತ್ತಿಗೆ, ಹ್ಯಾಂಡ್‌ಬ್ರೇಕು!"
ಬಿಸಿ ರೊಟ್ಟಿ ಕಂಕುಳಲ್ಲಿ ಅವುಚಿಕೊಂಡೇ
ಬಗ್ಗಿ, ಒಂದು ಕಲ್ಲು ಚಕ್ರಕ್ಕೆ ಕೊಟ್ಟ.