ಹನ್ನೊಂದು ಸೆಂಟು

ಇಪ್ಪತ್ತೆರಡು ವರ್ಷ ಬಳ್ಳಾರಿಯ ಕರೆಂಟಿನ ಮೀಟರು ಓದಿದ್ದೇನೆ.
ಯಾರ ಹಿತ್ತಲಲ್ಲಿ ಏನು ಬದುಕುತ್ತದೆ, ಏನು ಒಣಗುತ್ತದೆ
ನನ್ನನ್ನು ಕೇಳಿ.

ಕೌಲ್‌ಬಜಾರಿನ ಮೂರನೇ ಮಹಡಿಯಲ್ಲಿ
ಎಣ್ಣೆಡಬ್ಬಿಯಲ್ಲಿ ಕರಿಬೇವು ಬೆಳೆಸಿದ ಖುರ್ಷಿದಾಬಿ
ದಿನಾ ಬೆಳಿಗ್ಗೆ ಒಂದೊಂದೇ ಎಲೆಗೆ ಮುಖ ತೊಳೆಸುತ್ತಾಳೆ,
ಸಂಜೆಗೆ ಮತ್ತೆ ಅದಿರಿನ ಧೂಳು.
ಜೀನ್ಸಿಗೆ ಬಣ್ಣ ಹಾಕುವ ಶೆಡ್ಡಿನ ಹಿಂದೆ ಮೋರಿ
ಸೋಮವಾರ ನೀಲಿ, ಗುರುವಾರ ಕಪ್ಪು.
ಅದರ ದಂಡೆಗೆ ಒಬ್ಬನ ಬಾಳೆ ಗೊನೆ ಹಾಕಿತ್ತು.
ತಿಂದನೋ ಏನೋ, ನಾನು ಕೇಳಲಿಲ್ಲ.
ಗಾಂಧಿನಗರದ ದೊಡ್ಡ ಮನೆಯಲ್ಲಿ ಹುಲ್ಲಿನ ಲಾನು,
ತಿಂಗಳಿಗೆ ಒಂಬೈನೂರು ಯೂನಿಟ್ಟು,
ಮೇಯಲು ಒಂದು ಕುರಿಯಿಲ್ಲ.

ನನ್ನ ರಿಟೈರ್ಮೆಂಟಿಗೆ ಇನ್ನೆಂಟು ತಿಂಗಳು.
ವನ್ನೂರಮ್ಮನಿಗೆ ಬೇಕಾದದ್ದು ಎರಡು ಆಡು, ಆರು ಕೋಳಿ,
ಬದನೆ, ಪುಂಡಿಪಲ್ಯ, ಒಂದು ನುಗ್ಗೆ,
ಅಂಗಡಿಗೆ ಉಪ್ಪಿಗಷ್ಟೇ ಹೋಗುವ ಬದುಕು.
ಅದೂ ಕಾರ್ಪೊರೇಷನ್ ಗಡಿಗೆ ಅಂಟಿಕೊಂಡೇ ಇರಬೇಕು,
ಅವಳ ಮಂಡಿಯ ಡಾಕ್ಟರು ರಾಯಲ್ ಸರ್ಕಲ್ ಬಿಟ್ಟು ಬರುವುದಿಲ್ಲ.

ಬೈಪಾಸಿನ ಆಚೆ ಬ್ರೋಕರ್ ಗಾದಿಲಿಂಗ ಕಲ್ಲು ತೋರಿಸಿದ.
"ಏರಿಯಾ ಡೆವಲಪ್ ಆಗ್ತೈತೆ ಸಾರ್, ಐದು ವರ್ಷಕ್ಕೆ ಡಬಲ್."
"ಆಗಂಗಿಲ್ಲ ಅಂತ ಬರೆದುಕೊಡ್ತೀಯೇನಪ್ಪ?" ಅಂದಳು ಇವಳು.
ಅವನು ನನ್ನ ಮುಖ ನೋಡಿದ.

ಸೆರಗು ಸಿಕ್ಕಿಸಿ, ಕುರ್ಪಿ ಹಿಡಿದು, ಗೇಣುದ್ದ ಕುಣಿ ತೋಡಿದಳು.
ಹುಳವಿಲ್ಲ.
ಎರಡನೆಯದರಲ್ಲಿ ಸಿಮೆಂಟಿನ ಹೆಂಟೆ, ಗುಟ್ಕಾ ಚೀಟಿ.
ಪಕ್ಕದ ಸೈಟಿನ ಜಾಲಿಯ ನೆರಳು ಬೀಳುವಲ್ಲಿ, ಮೂರನೆಯದರಲ್ಲಿ,
ಒಂದು. ಒಂದೇ ಒಂದು ಎರೆಹುಳ.
ಬಾಡಿಗೆದಾರನನ್ನು ನಿದ್ದೆಯಿಂದ ಎಬ್ಬಿಸಿದವಳ ಹಾಗೆ
ಗಡಬಡಿಸಿ ಮಣ್ಣು ಮುಚ್ಚಿದಳು.

ನಾನು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡೆ.
ಪಕ್ಕದವರ ಬೋರು ಮುನ್ನೂರ ಎಂಬತ್ತು ಅಡಿ, ನೀರು ಸವುಳು.
ಗಾಳಿ ಸಂಡೂರಿನ ಕಡೆಯಿಂದ.
ಕಂಬ ಇದೆ, ತಂತಿ ಇಲ್ಲ (ಇದು ನಮ್ಮವರದ್ದೇ ತಪ್ಪು).
ನೆರೆಗೆ ಒಂದೇ ಮನೆ,
ಹುಂಜ ಕೂಗಿದರೆ ಎದ್ದು ಬಂದು ಬೈಯುವಷ್ಟು ಹತ್ತಿರ,
ಹಾವು ಬಂದು ನಾವು ಕೂಗಿದರೆ ಕೇಳದಷ್ಟು ದೂರ.
ಏಪ್ರಿಲ್ಲಿನ ಮಧ್ಯಾಹ್ನದ ಬಗ್ಗೆ ಏನೂ ಬರೆಯಲಿಲ್ಲ.
ಈ ಊರಲ್ಲಿ ಹುಟ್ಟಿದವರಿಗೆ ಅದನ್ನು ಬರೆದು ತೋರಿಸುವುದೇನು.

ಕ್ಯಾನಿನಲ್ಲಿ ತಂದ ನೀರಿಗೆ ತೊಗರಿಬೇಳೆ ಇಟ್ಟಳು.
ಐದು ಸೀಟಿ. ಏಳು.
ಒಂಬತ್ತಕ್ಕೆ ನಾನೇ ಹೋಗಿ ಗ್ಯಾಸ್ ಆರಿಸಿದೆ.
ಒಂದೊಂದು ಬೇಳೆಯನ್ನೂ ಎಣಿಸಬಹುದಿತ್ತು.

"ಮುಗೀತಲ್ಲ," ಅಂದೆ, "ಆಗಿಬರಲ್ಲ."
"ಅಲ್ಲಿ ಬೇಳೆ ಯಾರು ಬಿತ್ತುತಾರೆ?
ಪುಂಡಿಗೆ ಸವುಳು ಗೊತ್ತೈತೆ, ನುಗ್ಗೆಗೂ ಗೊತ್ತೈತೆ.
ಜಾಲಿಕಾಯಿ ತಿನ್ನೋ ಆಡಿಗೆ ನಿನ್ನ ಚೀಟಿ ಓದಾಕ ಬರಲ್ಲ."
ಬದನೆಯ ಮೇಲೆ ಗೆರೆ ಎಳೆದಳು.
ಸ್ವಲ್ಪ ಹೊತ್ತು ಬಿಟ್ಟು ಅದೇ ಪೆನ್ನಲ್ಲಿ
ಕೆಳಗೆ ಮತ್ತೆ ಬರೆದಳು, ಬದನೆ, ಎರಡೇ ಗಿಡ.

ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ಆ ಮಣ್ಣು ಕಲಕಿ
ಕಿಟಕಿಯಲ್ಲಿ ಇಟ್ಟಿದ್ದೇವೆ.
ಅಡಿಗೆ ಮರಳು, ಮೇಲೆ ಎರೆ,
ಅದರ ಮೇಲೆ ಉಗುರಿನ ದಪ್ಪ ಒಂದು ಕೆಂಪು ಗೆರೆ.
ಅದು ಆ ನೆಲದ್ದಲ್ಲ, ಬಂದು ಕೂತದ್ದು.

ರಾತ್ರಿ ಎರಡೂಕಾಲಿಗೆ ಅದಿರಿನ ಗೂಡ್ಸು.
ಕಿಟಕಿ ನಡುಗುತ್ತದೆ. ತಿಳಿಯಾದ ನೀರಿನಲ್ಲಿ
ಕೆಂಪು ಮೆಲ್ಲಗೆ ಎದ್ದು, ಎಲ್ಲಿಗೆ ಹೋಗಲೂ ತಿಳಿಯದೆ ನಿಲ್ಲುತ್ತದೆ.
ಐವತ್ತೆಂಟು ವ್ಯಾಗನ್ನು ಎಣಿಸಿದೆ.
ಬುಧವಾರ ಗಾದಿಲಿಂಗ ಅಡ್ವಾನ್ಸಿಗೆ ಫೋನು ಮಾಡುತ್ತಾನೆ.

ಪಕ್ಕದಲ್ಲಿ ವನ್ನೂರಮ್ಮ ಕಣ್ಣು ತೆರೆಯದೆ ಕೇಳಿದಳು,
ಆ ಹುಳಕ್ಕೆ ಒಂದು ಚೊಂಬು ನೀರು ಹಾಕಿ ಬಂದೆವೋ, ಇಲ್ಲವೋ?